ಬಯಲುಸೀಮೆಯ ಮಲೇರಿಯಾ ಮತ್ತು ದೇಹದ ಮರೆವು

ಕೆಲವು ವಾರಗಳ ಹಿಂದೆ ಮಧುಗಿರಿಯಲ್ಲಿ ಬಂಧುಗಳ ಮನೆಯ ಸಮಾರಂಭವೊಂದರಲ್ಲಿ ಭೇಟಿಯಾದ ಯುವ ಶಿಕ್ಷಕರೊಬ್ಬರು ನನಗೆ ಒಂದು ಪ್ರಶ್ನೆ ಹಾಕಿದರು. ‘ನಮ್ಮ ತಂದೆ, ತಾತ ಎಲ್ಲರೂ ಚಳಿಜ್ವರದಲ್ಲಿ ಹಲವು ಸಲ ನರಳಿದವರೇ. ಅಷ್ಟೊಂದು ಅನುಭವಿಸಿದ ಮೇಲೆ ನಮ್ಮ ತಲೆಮಾರಿಗೆ ನಿರೋಧಕ ಶಕ್ತಿ ತಾನಾಗಿಯೇ ಬಂದಿರಬೇಕಲ್ಲವೇ? ಈಗ ಕಾಯಿಲೆ ಕಾಣದಿರುವುದಕ್ಕೆ ಅದೇ ಕಾರಣವಿರಬಹುದಲ್ಲವೇ?’

ಊಟದ ಪಂಕ್ತಿಯಲ್ಲಿ ಕುಳಿತು ಇದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ‘ಇಲ್ಲ’ ಎಂದಷ್ಟೇ ಹೇಳಿ ಎದ್ದುಬಂದೆ. ಆದರೆ ಆ ಪ್ರಶ್ನೆಯ ಹಿಂದಿರುವ ನಂಬಿಕೆ ಒಬ್ಬ ಶಿಕ್ಷಕರದ್ದು ಮಾತ್ರವಲ್ಲ ಎಂಬುದು ನಂತರ ಕಾಡತೊಡಗಿತು. ಮಲೇರಿಯಾ ಹಳೆಯ ಕಾಲದ ಕಾಯಿಲೆ, ಅದು ಮುಗಿದ ಅಧ್ಯಾಯ ಎಂಬ ಭಾವನೆ ವಿದ್ಯಾವಂತರಲ್ಲೂ, ಬಜೆಟ್ ರೂಪಿಸುವವರಲ್ಲೂ ಬೇರೂರುತ್ತಿದೆ. ಅಂಕಿ ಅಂಶಗಳು ಆ ಭಾವನೆಗೆ ಇಂಬು ಕೊಡುವಂತೆಯೇ ಇವೆ. ದೇಶದಲ್ಲಿ 2015ರಲ್ಲಿ 11.69 ಲಕ್ಷದಷ್ಟಿದ್ದ ಪ್ರಕರಣಗಳು 2023ರಲ್ಲಿ 2.27 ಲಕ್ಷಕ್ಕೆ ಇಳಿದವು. 2027ರ ವೇಳೆಗೆ ಸ್ಥಳೀಯವಾಗಿ ಹರಡುವ ಪ್ರಕರಣಗಳನ್ನು ಸೊನ್ನೆಗೆ ತರಬೇಕು, 2030ರೊಳಗೆ ರೋಗವನ್ನು ನಿರ್ಮೂಲ ಮಾಡಬೇಕು ಎಂಬುದು ರಾಷ್ಟ್ರದ ಗುರಿ. ಗುರಿ ಸಾಧಿಸುವ ಸಾಧ್ಯತೆ ನಿಜಕ್ಕೂ ಇದೆ. ನನ್ನ ಆತಂಕವಿರುವುದು ಅದರ ನಂತರದ ವರ್ಷಗಳ ಬಗ್ಗೆ.

1990ರ ದಶಕದ ಕೊನೆಯ ಕೆಲವು ವರ್ಷಗಳನ್ನು ನಾನು ವೈದ್ಯನಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಡುವೆ ಕಳೆದವನು. ಆಗ ತುಮಕೂರು ಜಿಲ್ಲೆ ರಾಜ್ಯದ ಮಲೇರಿಯಾ ಬಾಧಿತ ಜಿಲ್ಲೆಗಳ ಸಾಲಿನಲ್ಲಿತ್ತು. ಜ್ವರ ಎಂದು ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತಲೇಪನ ತೆಗೆದು, ನಾಲ್ಕು ಕ್ಲೋರೊಕ್ವಿನ್ ಮಾತ್ರೆ ನುಂಗಿಸಿ ಕಳುಹಿಸುವುದು ಅಂದಿನ ಪದ್ಧತಿ. ನಾನಿದ್ದ ಕೇಂದ್ರದಲ್ಲಿ ಆ ಗಾಜುಪಟ್ಟಿಗಳ ಫಲಿತಾಂಶ ಬರುವುದಕ್ಕೆ ಎರಡು ಮೂರು ವಾರ ಹಿಡಿದದ್ದೂ ಉಂಟು. ಅಷ್ಟರಲ್ಲಿ ರೋಗಿ ಬೇರೆ ಊರಿಗೆ ಕೂಲಿಗೆ ಹೋಗಿರುತ್ತಿದ್ದ, ಅವನ ಮನೆಯವರಿಗೆ ನಡುಕ ಶುರುವಾಗಿರುತ್ತಿತ್ತು. ಮಕ್ಕಳ ಹೊಟ್ಟೆಯ ಎಡಭಾಗವನ್ನು ಮುಟ್ಟಿ ನೋಡಿದರೆ ಪಕ್ಕೆಲುಬಿನ ಕೆಳಗೆ ಗುಲ್ಮದ ಗಟ್ಟಿಯಾದ ಅಂಚು ಬೆರಳಿಗೆ ಸಿಗುತ್ತಿತ್ತು. ತಾಯಂದಿರು ಅದನ್ನು ‘ಹೊಟ್ಟೆಯಲ್ಲಿ ಗಡ್ಡೆ’ ಎನ್ನುತ್ತಿದ್ದರು. ಅದು ಗಡ್ಡೆಯಲ್ಲ, ಆ ಮಗುವಿನ ದೇಹ ಹಗಲಿರುಳು ನಡೆಸುತ್ತಿದ್ದ ಹೋರಾಟದ ಗುರುತು ಎಂದು ಅವರಿಗೆ ವಿವರಿಸುವಷ್ಟು ಪುರುಸೊತ್ತು ನಮಗಿರಲಿಲ್ಲ. ಈಗ ವಿವರಿಸುತ್ತೇನೆ.

ಸೊಳ್ಳೆ ಕಚ್ಚಿದಾಗ ಚರ್ಮದೊಳಕ್ಕೆ ಇಳಿಯುವ ಪರೋಪಜೀವಿಗಳ ಸಂಖ್ಯೆ ತೀರಾ ಕಡಿಮೆ, ಕೆಲವು ಹತ್ತುಗಳಷ್ಟು. ಅವು ರಕ್ತದ ಮೂಲಕ ಯಕೃತ್ತನ್ನು ಸೇರಿ ಅಲ್ಲಿನ ಜೀವಕೋಶಗಳೊಳಗೆ ಅಡಗುತ್ತವೆ. ಸುಮಾರು ಒಂದು ವಾರ ವ್ಯಕ್ತಿಗೆ ಏನೂ ಅನಿಸುವುದಿಲ್ಲ. ಈ ಅವಧಿಯಲ್ಲಿ ಒಂದೊಂದು ಕೋಶದಿಂದ ಸಾವಿರಾರು ಮರಿಗಳು ಹುಟ್ಟಿ ರಕ್ತಕ್ಕೆ ನುಗ್ಗುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಶತ್ರುವನ್ನು ಮುಗಿಸಬಹುದಾದ ಅತ್ಯುತ್ತಮ ಘಳಿಗೆ ಯಕೃತ್ತಿನ ಆ ಒಂದು ವಾರವೇ. ಏಕೆಂದರೆ ಯಕೃತ್ತಿನ ಕೋಶ ತನ್ನೊಳಗೆ ಅನ್ಯಜೀವಿ ಹೊಕ್ಕಿದ್ದರೆ ಅದರ ತುಣುಕನ್ನು ಹೊರಮೈ ಮೇಲೆ ಎತ್ತಿ ತೋರಿಸಬಲ್ಲದು. ಆ ಸುಳಿವು ಹಿಡಿದು ಟಿ-ಕೋಶಗಳು ಬಂದು ಸೋಂಕಿತ ಕೋಶವನ್ನೇ ನಾಶ ಮಾಡಬಲ್ಲವು. ಆದರೆ ಕೆಲವೇ ಕೆಲವು ಪರೋಪಜೀವಿಗಳನ್ನು ಅಷ್ಟು ದೊಡ್ಡ ಅಂಗದಲ್ಲಿ ಏಳೆಂಟು ದಿನಗಳೊಳಗೆ ಹುಡುಕಿ ಮುಗಿಸುವುದು, ಅದೂ ಮೊದಲ ಸಲವೇ, ಆಗದ ಮಾತು.

ರಕ್ತಕ್ಕೆ ಬಂದ ಮೇಲೆ ಪರೋಪಜೀವಿ ಆರಿಸಿಕೊಳ್ಳುವ ಅಡಗುತಾಣದಲ್ಲಿ ಅದರ ಚಾಣಾಕ್ಷತೆಯಿದೆ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ. ಯಕೃತ್ತಿನ ಕೋಶದಂತೆ ‘ನನ್ನೊಳಗೆ ಕಳ್ಳನಿದ್ದಾನೆ’ ಎಂದು ಸುಳಿವು ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಹೀಗಾಗಿ ಸೋಂಕಿತ ಕೋಶಗಳನ್ನು ಕೊಲ್ಲುವ ಟಿ-ಕೋಶಗಳು ಇಲ್ಲಿ ಬಹುಮಟ್ಟಿಗೆ ಅಸಹಾಯಕ. ಪರೋಪಜೀವಿ 48 ಗಂಟೆ ಆರಾಮವಾಗಿ ಹಿಮೋಗ್ಲೋಬಿನ್ ತಿಂದು ಬೆಳೆದು, ಕಣವನ್ನು ಒಡೆದು ಹೊರಬಂದು, ಹೊಸ ಕಣಗಳನ್ನು ಹೊಗುತ್ತದೆ. ಲಕ್ಷಾಂತರ ಕಣಗಳು ಒಟ್ಟಿಗೆ ಒಡೆದಾಗ ಚೆಲ್ಲುವ ಕಸವನ್ನು ಕಂಡು ಬಿಳಿರಕ್ತಕಣಗಳು ಎಚ್ಚೆತ್ತು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಆಗ ಬರುವುದೇ ಹಲ್ಲು ಕಟಕಟಿಸುವ ಚಳಿ, ಮೈ ಸುಡುವ ತಾಪ, ಕೊನೆಗೆ ಹಾಸಿಗೆ ನೆನೆಯುವಷ್ಟು ಬೆವರು. ಒಂದು ದಿನ ಬಿಟ್ಟು ಒಂದು ದಿನ ಮರಳುವ ಈ ಜ್ವರವನ್ನು ಆಯುರ್ವೇದ ವಿಷಮಜ್ವರಗಳ ಗುಂಪಿಗೆ ಸೇರಿಸಿ ‘ತೃತೀಯಕ’ ಎಂದು ಕರೆದಿದೆ. ಜ್ವರವನ್ನು ತರುವುದು ನಮ್ಮದೇ ರಕ್ಷಣಾ ವ್ಯವಸ್ಥೆ ಎಂಬುದನ್ನು ಗಮನಿಸಬೇಕು. ಅದು ಮಿತಿ ಮೀರಿದಾಗ ರೋಗಿಯ ಪ್ರಾಣಕ್ಕೇ ಕುತ್ತು.

ಗುಲ್ಮದ ಪಾತ್ರ ಬರುವುದು ಇಲ್ಲಿ. ರಕ್ತ ಅದರ ಕಿರಿದಾದ ಸಂದಿಗಳ ಮೂಲಕ ಸೋಸಿಹೋಗುವಾಗ ಬಿರುಸಾದ, ವಿಕಾರವಾದ ಕಣಗಳು ಸಿಕ್ಕಿಬೀಳುತ್ತವೆ. ಅಲ್ಲಿನ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಸಂಶಯದ ಮೇಲೆ ನಿರ್ದೋಷಿ ಕಣಗಳೂ ಬಲಿಯಾಗುತ್ತವೆ. ವೈವ್ಯಾಕ್ಸ್ ಮಲೇರಿಯಾದಲ್ಲಿ ಸೋಂಕಿತ ಕಣವೊಂದಕ್ಕೆ ಮೂವತ್ತಕ್ಕೂ ಹೆಚ್ಚು ಆರೋಗ್ಯವಂತ ಕಣಗಳು ನಾಶವಾಗುತ್ತವೆಂದು ಲೆಕ್ಕ ಹಾಕಲಾಗಿದೆ. ಮೊದಲೇ ರಾಗಿಮುದ್ದೆ, ಸಾರಿಗೂ ಬರವಿದ್ದ ಮನೆಗಳ ಮಕ್ಕಳು ಎರಡು ಮೂರು ಜ್ವರಗಳ ನಂತರ ಬಿಳಿಚಿಕೊಂಡು ಬರುತ್ತಿದ್ದುದಕ್ಕೆ ಇದೇ ಕಾರಣ. ಇನ್ನೊಂದು ಸಂಗತಿ ತೀರಾ ಇತ್ತೀಚಿನದು. ಇಂಡೊನೇಷ್ಯಾದ ಪಪುವಾದಲ್ಲಿ ಬೇರೆ ಕಾರಣಗಳಿಗೆ ಗುಲ್ಮ ತೆಗೆಸಿಕೊಂಡವರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜ್ವರದ ಯಾವ ಲಕ್ಷಣವೂ ಇಲ್ಲದವರ ಗುಲ್ಮದೊಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪರೋಪಜೀವಿಗಳು ಜೀವಂತ ಇದ್ದುದನ್ನು ತೋರಿಸಿತು. ಠಾಣೆಯೇ ಕಳ್ಳರ ಬಿಡಾರವೂ ಆಗಿತ್ತೆನ್ನಬೇಕು. ನಾವು ಗಾಜುಪಟ್ಟಿಯಲ್ಲಿ ಏನೂ ಕಾಣದೆ ‘ಮಲೇರಿಯಾ ಇಲ್ಲ’ ಎಂದು ಬರೆದು ಕಳುಹಿಸಿದ ಎಷ್ಟು ಮಂದಿಯಲ್ಲಿ ಅದು ಹೀಗೆ ಅವಿತಿತ್ತೋ ಎಂದು ಆ ವರದಿ ಓದಿದಾಗ ಯೋಚಿಸಿದ್ದೆ.

ಹಾಗಾದರೆ ಮಲೇರಿಯಾಕ್ಕೆ ನಿರೋಧಕ ಶಕ್ತಿ ಬರುವುದೇ ಇಲ್ಲವೇ? ಬರುತ್ತದೆ. ಸಿಡುಬು, ದಡಾರಗಳಂತೆ ಒಮ್ಮೆ ಬಂದರೆ ಜೀವನಪರ್ಯಂತ ರಕ್ಷಣೆ ಎಂಬ ರೀತಿಯದಲ್ಲ, ಅಷ್ಟೆ. ಕಳೆದ ಶತಮಾನದ ಆರಂಭದ ಹೊತ್ತಿಗೇ ರಾಬರ್ಟ್ ಕಾಕ್ ಜಾವಾ ಮತ್ತು ನ್ಯೂಗಿನಿಗಳಲ್ಲಿ ಸಂಚರಿಸಿ, ಮಲೇರಿಯಾ ಪ್ರಬಲವಾಗಿರುವ ಹಳ್ಳಿಗಳ ಮಕ್ಕಳ ರಕ್ತದಲ್ಲಿ ಪರೋಪಜೀವಿಗಳು ತುಂಬಿದ್ದರೂ ಅಲ್ಲಿನ ವಯಸ್ಕರಲ್ಲಿ ಅವು ವಿರಳವೆಂದು ಗುರುತಿಸಿದ್ದರು. 1961ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೊಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಅವರು ಅಂಥ ವಯಸ್ಕರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಕಾಯಿಲೆಯಿಂದ ನರಳುತ್ತಿದ್ದ ಮಕ್ಕಳಿಗೆ ಚುಚ್ಚಿದರು. ಮಕ್ಕಳ ರಕ್ತದಲ್ಲಿದ್ದ ಪರೋಪಜೀವಿಗಳು ಗಣನೀಯವಾಗಿ ತಗ್ಗಿದವು. ರಕ್ಷಣೆಯ ಬಹುಪಾಲು ಪ್ರತಿಕಾಯಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಆದರೆ ಆ ಪ್ರತಿಕಾಯಗಳನ್ನು ಗಳಿಸಲು ಗ್ಯಾಂಬಿಯಾದ ಹಿರಿಯರು ತೆತ್ತ ಬೆಲೆಯೆಂದರೆ ಹುಟ್ಟಿನಿಂದ ವರ್ಷ ವರ್ಷವೂ ಬಿಡದೆ ಬಂದ ಸೋಂಕು, ಮತ್ತು ಐದು ವರ್ಷ ದಾಟದೆ ಸತ್ತ ಒಡಹುಟ್ಟಿದವರು.

ಇಷ್ಟು ನಿಧಾನವೇಕೆ? ಫಾಲ್ಸಿಪಾರಂ ಪರೋಪಜೀವಿ ತಾನಿರುವ ರಕ್ತಕಣದ ಮೇಲ್ಮೈಗೆ ಒಂದು ಪ್ರೋಟೀನನ್ನು ತೊಡಿಸುತ್ತದೆ. ಆ ಅಂಗಿಯ ಸಹಾಯದಿಂದ ಕಣವು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಗುಲ್ಮದ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅಂಥ ಸುಮಾರು 60 ಅಂಗಿಗಳ ವಂಶವಾಹಿಗಳು ಅದರ ಬಳಿ ಇವೆ. ಒಂದನ್ನು ದೇಹ ಗುರುತಿಸುವ ಹೊತ್ತಿಗೆ ಇನ್ನೊಂದನ್ನು ತೊಟ್ಟಿರುತ್ತದೆ. ಒಂದು ಊರಿನ ತಳಿಯ 60 ಅಂಗಿಗಳು ಇನ್ನೊಂದು ಊರಿನ ತಳಿಯವಲ್ಲ. ಇವೆಲ್ಲದರ ಪರಿಚಯವಾಗುವಷ್ಟರಲ್ಲಿ ಬಾಲ್ಯ ಕಳೆದಿರುತ್ತದೆ. ಆಗಲೂ ಸಿಗುವುದು ರೋಗಲಕ್ಷಣಗಳಿಂದ ರಕ್ಷಣೆಯೇ ಹೊರತು ಸೋಂಕಿನಿಂದ ಪೂರ್ಣ ಮುಕ್ತಿಯಲ್ಲ. ಊರು ಬಿಟ್ಟು ಕೆಲವು ವರ್ಷ ಬೇರೆಡೆ ಇದ್ದರೆ ಅದೂ ಸವೆಯುತ್ತದೆ.

ಮಧುಗಿರಿಯ ಶಿಕ್ಷಕರ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ. ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟುವುದು ನಿಜ. ಅವು ಮೊದಲ ಕೆಲವು ತಿಂಗಳು ಮಾತ್ರ ಕಾಯುತ್ತವೆ. ತಾತ ಗಳಿಸಿದ್ದು ತಾತನೊಂದಿಗೇ ಹೋಗುತ್ತದೆ. ವಂಶಪಾರಂಪರ್ಯವಾಗಿ ಬರುವ ರಕ್ಷಣೆ ಬೇರೆಯದೇ ಬಗೆಯದು. ಕುಡಗೋಲು ಆಕಾರದ ರಕ್ತಕಣ, ಥಲಸೀಮಿಯಾದಂಥ ದೋಷಗಳು ಸಾವಿರಾರು ವರ್ಷಗಳ ಮಲೇರಿಯಾದ ಒತ್ತಡದಲ್ಲಿ ಕೆಲವು ಜನಸಮುದಾಯಗಳಲ್ಲಿ ಉಳಿದುಬಂದಿವೆ. ಅದಕ್ಕಾಗಿ ಆ ಸಮುದಾಯಗಳು ತೆರುತ್ತಿರುವ ಬೆಲೆಯನ್ನು ಕಂಡವರು ಅದನ್ನು ವರವೆಂದು ಕರೆಯಲಾರರು.

ಉಳಿದರ್ಧ ಉತ್ತರ ನಮ್ಮ ಬಯಲುಸೀಮೆಯ ನೆಲದಲ್ಲೇ ಇದೆ. ಗ್ಯಾಂಬಿಯಾದ ಹಳ್ಳಿಗೂ ಪಾವಗಡದ ಹಳ್ಳಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಮಲೇರಿಯಾ ಸದಾ ಇರುವಂಥದು. ಇಲ್ಲಿ ಅದು ಅಸ್ಥಿರ. ನಮ್ಮಲ್ಲಿ ಮುಖ್ಯ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆ. ಅದಕ್ಕೆ ಮನುಷ್ಯನಿಗಿಂತ ದನದ ರಕ್ತವೇ ಹೆಚ್ಚು ಇಷ್ಟ. ಆದ್ದರಿಂದ ಸೊಳ್ಳೆಗಳ ಸಂಖ್ಯೆ ವಿಪರೀತ ಏರಿದಾಗ ಮಾತ್ರ ರೋಗ ಹರಡುತ್ತದೆ. ಇಲ್ಲವಾದರೆ ವರ್ಷಗಟ್ಟಲೆ ಮಂಕಾಗಿರುತ್ತದೆ. ಜನರಿಗೆ ನಿರೋಧಕ ಶಕ್ತಿ ಕೂಡುವಷ್ಟು ಸೋಂಕು ತಗಲುವುದಿಲ್ಲ, ಆದರೆ ಬಂದಾಗ ಮಕ್ಕಳು ವಯಸ್ಕರೆಂಬ ಭೇದವಿಲ್ಲದೆ ಮನೆಮಂದಿಯೆಲ್ಲ ಮಲಗುತ್ತಾರೆ. ನಾನು ಕಂಡದ್ದು ಅದನ್ನೇ. ಕಡಲೆಕಾಯಿ ಕೀಳುವ ಕಾಲಕ್ಕೆ ಸರಿಯಾಗಿ ಮನೆಯ ದುಡಿಯುವ ಕೈಗಳೆಲ್ಲ ಕಂಬಳಿಯಡಿ ಸೇರಿರುತ್ತಿದ್ದವು.

ಈ ಸೊಳ್ಳೆಗೆ ಬೇಕಾದ್ದು ನಿಂತ, ಸ್ವಚ್ಛವಾದ, ಬಿಸಿಲು ಬೀಳುವ ನೀರು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದುಹೋಗುವ ಜಯಮಂಗಲಿ ವರ್ಷದ ಬಹುಭಾಗ ಹರಿಯುವ ನದಿಯಲ್ಲ. ಮಳೆ ನಿಂತು ಹೊಳೆ ಬತ್ತುವಾಗ ಉಳಿಯುವ ಮಡುಗಳು, ಮರಳು ತೆಗೆದ ಗುಂಡಿಗಳು, ಪಾಳುಬಿದ್ದ ತೆರೆದ ಬಾವಿಗಳು ಅದರ ತೊಟ್ಟಿಲು. ಬರಗಾಲ ಮಲೇರಿಯಾವನ್ನು ಓಡಿಸುತ್ತದೆ ಎಂದು ತಿಳಿದವರು ಶ್ರೀಲಂಕಾದ 1934-35ರ ದುರಂತವನ್ನು ನೆನೆಯಬೇಕು. ಅಲ್ಲಿ ಮಳೆ ಕೈಕೊಟ್ಟು ನದಿಗಳು ಮಡುಗಳಾಗಿ ಒಡೆದಾಗ ಇದೇ ಜಾತಿಯ ಸೊಳ್ಳೆ ಹೆಚ್ಚಿ, ರೋಗದ ಪರಿಚಯವೇ ಹೆಚ್ಚಾಗಿ ಇಲ್ಲದಿದ್ದ ಪ್ರದೇಶಗಳಲ್ಲಿ ಸುಮಾರು 80 ಸಾವಿರ ಜನ ಸತ್ತರು. ಪಂಜಾಬಿನ 1908ರ ಸಾಂಕ್ರಾಮಿಕವನ್ನು ಪರಿಶೀಲಿಸಿದ ಕ್ರಿಸ್ಟೋಫರ್ಸ್ ಅವರು 1911ರ ತಮ್ಮ ವರದಿಯಲ್ಲಿ ಅತಿವೃಷ್ಟಿಯ ಜೊತೆಗೆ ಧಾನ್ಯದ ಬೆಲೆಯನ್ನೂ ಕಾರಣವಾಗಿ ಹೆಸರಿಸಿದ್ದರು. ಹಸಿದ ದೇಹ ಮತ್ತು ಸೋಂಕು ಕಾಣದ ದೇಹ, ಎರಡೂ ಒಂದೆಡೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಆ ವರದಿ ಇಂದಿಗೂ ಪಠ್ಯ.

ನಮ್ಮ ಈ ತಾಲ್ಲೂಕುಗಳಲ್ಲಿ ಜ್ವರ ತಗ್ಗಿದ್ದು ಹೇಗೆ? ದೇಹದ ಶಕ್ತಿಯಿಂದಲ್ಲ, ಮನುಷ್ಯರ ಕೆಲಸದಿಂದ. ಹದಿನೈದು ದಿನಕ್ಕೊಮ್ಮೆ ಮನೆಬಾಗಿಲಿಗೆ ಬಂದು ‘ಯಾರಿಗಾದರೂ ಜ್ವರವೇ?’ ಎಂದು ಕೇಳಿದ ಆರೋಗ್ಯ ಸಹಾಯಕರಿಂದ, ಸಿಂಪಡಣೆಯಿಂದ, ನಂತರ ಬಂದ ಕ್ಷಿಪ್ರ ಪರೀಕ್ಷೆ ಮತ್ತು ಆರ್ಟಿಮಿಸಿನಿನ್ ಸಂಯುಕ್ತ ಔಷಧಿಗಳಿಂದ, ಆಶಾ ಕಾರ್ಯಕರ್ತೆಯರಿಂದ. ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಘಟಕದ ವಿಜ್ಞಾನಿಗಳು ಕರ್ನಾಟಕದ ಹಳ್ಳಿಗಳ ಬಾವಿ, ಕುಂಟೆಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಟ್ಟು ಮರಿಸೊಳ್ಳೆಗಳನ್ನು ತಿನ್ನಿಸಿದ ಪ್ರಯೋಗ ಈಗ ಬಹುಮಂದಿಗೆ ಮರೆತಿದೆ. 2001ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯಲ್ಲಿ ಅವರು ಸ್ಥಳೀಯ ಕಲಾವಿದರನ್ನು ಕೂಡಿಸಿ ಮಲೇರಿಯಾ ಕುರಿತು ಕಲಾಜಾಥಾ ನಡೆಸಿದರು. ಹಾಡು, ಬೀದಿನಾಟಕ ನೋಡಿದವರಲ್ಲಿ ತಿಳಿವಳಿಕೆ ನಿಜಕ್ಕೂ ಹೆಚ್ಚಿತೇ ಎಂದು ಎರಡು ತಿಂಗಳ ನಂತರ ನೋಡದವರೊಂದಿಗೆ ಹೋಲಿಸಿ ಅಳೆದರು. ಪ್ರಚಾರ ಮಾಡಿ ಕೈತೊಳೆದುಕೊಳ್ಳದೆ ಪರಿಣಾಮವನ್ನು ಅಳೆದದ್ದು ನಮ್ಮಲ್ಲಿ ಅಪರೂಪ.

ಈಗಿನ ಸ್ಥಿತಿ ನೋಡೋಣ. ಈ ತಾಲ್ಲೂಕುಗಳಲ್ಲಿ ಇಪ್ಪತ್ತು ವರ್ಷದೊಳಗಿನ ಬಹುಪಾಲು ಯುವಕರ ರಕ್ತಕ್ಕೆ ಮಲೇರಿಯಾದ ಪರಿಚಯವಿಲ್ಲ. ಇದು ಸಂತೋಷದ ವಿಷಯವೇ. ಆದರೆ ಮಡಗಾಸ್ಕರ್‌ನ ಎತ್ತರದ ಪ್ರದೇಶದಲ್ಲಿ ಏನಾಯಿತು ಎಂಬುದು ಗಮನಾರ್ಹ. ಅಲ್ಲಿ 1960ರ ಸುಮಾರಿಗೆ ಬಹುತೇಕ ಮಾಯವಾಗಿದ್ದ ರೋಗ 1980ರ ದಶಕದ ಕೊನೆಯಲ್ಲಿ ಮರಳಿದಾಗ, ಹಿಂದೆ ಅದನ್ನು ಕಂಡಿದ್ದ ಹಿರಿಯರು ಒಂದಿಷ್ಟು ತಾಳಿಕೊಂಡರು. ನಂತರ ಹುಟ್ಟಿದವರು ಸುಲಭ ತುತ್ತಾದರು. ಶ್ರೀಲಂಕಾದಲ್ಲಿ 1963ರಲ್ಲಿ ಕೇವಲ 17 ಪ್ರಕರಣಗಳಿದ್ದವು. ಗೆದ್ದೆವೆಂದು ಕೈಚೆಲ್ಲಿದ ಐದಾರು ವರ್ಷಗಳಲ್ಲಿ ಅವು ಐದು ಲಕ್ಷ ದಾಟಿದವು. ಭಾರತದ ಕಥೆಯೂ ಬೇರೆಯಲ್ಲ. 1965ರಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದದ್ದು 1976ರಲ್ಲಿ 64 ಲಕ್ಷಕ್ಕೆ ಏರಿತು. ಶ್ರೀಲಂಕಾ ಪಾಠ ಕಲಿತು 2016ರಲ್ಲಿ ಮಲೇರಿಯಾ ಮುಕ್ತ ರಾಷ್ಟ್ರವೆಂಬ ಪ್ರಮಾಣಪತ್ರ ಪಡೆದಿದೆ ಎಂಬುದನ್ನೂ ಹೇಳಬೇಕು.

ಕಿಡಿ ಎಲ್ಲಿಂದ ಬರಬಹುದು? ನಮ್ಮ ಕೂಲಿಕಾರರು ಮಂಗಳೂರಿನ ಕಟ್ಟಡಗಳಿಗೆ ಹೋಗಿ ಬರುತ್ತಾರೆ. ಕಳೆದ ದಶಕದಲ್ಲಿ ರಾಜ್ಯದ ಮಲೇರಿಯಾ ಪ್ರಕರಣಗಳ ಸಿಂಹಪಾಲು ದಕ್ಷಿಣ ಕನ್ನಡದ್ದಾಗಿತ್ತು. ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿ 2018ರಲ್ಲಿ ಉದ್ಘಾಟನೆಗೊಂಡ ಸೌರಸ್ಥಾವರದಂಥ ಕಾಮಗಾರಿಗಳಿಗೆ ದೂರದ ರಾಜ್ಯಗಳ ಕಾರ್ಮಿಕರು ಬರುತ್ತಾರೆ. ಬಂದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ರಕ್ತವನ್ನು ಸಕಾಲದಲ್ಲಿ ಪರೀಕ್ಷಿಸಿ ಔಷಧಿ ಕೊಡುವುದು ನಮ್ಮ ಕೆಲಸ. ಇತ್ತ ಬತ್ತಿದ್ದ ಕೆರೆಗಳಿಗೆ ನೀರು ಹರಿಸಬೇಕೆಂಬ ಈ ಭಾಗದ ಹಳೆಯ ಬೇಡಿಕೆ ಅಲ್ಲಲ್ಲಿ ಈಡೇರುತ್ತಿದೆ. ನೀರು ಬರಲೇಬೇಕು. ನೀರಿನ ಜೊತೆ ಸೊಳ್ಳೆಯ ಲೆಕ್ಕವನ್ನೂ ಯೋಜನಾ ವರದಿಯಲ್ಲಿ ಸೇರಿಸಿ ಎಂದರೆ ಎಂಜಿನಿಯರುಗಳು ನಗುವುದನ್ನು ಕಂಡಿದ್ದೇನೆ.

ವೈವ್ಯಾಕ್ಸ್‌ನದು ಇನ್ನೊಂದು ಕಾಟ. ಅದರ ಕೆಲವು ಪರೋಪಜೀವಿಗಳು ಯಕೃತ್ತಿನಲ್ಲಿ ನಿದ್ರಿಸುತ್ತವೆ. ನಿದ್ರಿಸುವವರೆಗೆ ರಕ್ಷಣಾ ವ್ಯವಸ್ಥೆಗೆ ಅವುಗಳ ಸುಳಿವು ಸಿಗುವುದಿಲ್ಲ. ತಿಂಗಳುಗಳ ನಂತರ ಎಚ್ಚೆತ್ತು, ಹೊಸ ಸೊಳ್ಳೆ ಕಚ್ಚದೆಯೇ ಜ್ವರ ತರುತ್ತವೆ. ಅವನ್ನು ಕೊಲ್ಲುವ ಪ್ರೈಮಾಕ್ವಿನ್ ಅನ್ನು ನಮ್ಮ ರಾಷ್ಟ್ರೀಯ ಕಾರ್ಯಕ್ರಮ ದಶಕಗಳ ಕಾಲ ಐದೇ ದಿನ ಕೊಡುತ್ತಿತ್ತು. ಅದು ಸಾಲದೆಂದು ತಿಳಿದು 14 ದಿನಗಳಿಗೆ ಏರಿಸಲಾಯಿತು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಇದನ್ನು ಕೊಡುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ರಕ್ತಕಣಗಳನ್ನೇ ಒಡೆಯಬಲ್ಲದು. ಮೂರನೇ ದಿನಕ್ಕೆ ಜ್ವರ ಬಿಟ್ಟ ಕೂಲಿಕಾರ ಹದಿನಾಲ್ಕನೇ ದಿನದ ಮಾತ್ರೆ ನುಂಗುತ್ತಾನೆಯೇ? ಯಾರಾದರೂ ಮನೆಗೆ ಹೋಗಿ ಕೇಳಿದರೆ ನುಂಗುತ್ತಾನೆ. ಹಾಗೆ ಹೋಗಿ ಕೇಳಬೇಕಾದ ಆಶಾ ಕಾರ್ಯಕರ್ತೆಯರು ಹೆಚ್ಚಿನ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದರು.

ಲಸಿಕೆ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಗೂ 2023ರಲ್ಲಿ ಆರ್21 ಲಸಿಕೆಗೂ ಶಿಫಾರಸು ನೀಡಿದೆ. ಎರಡನೆಯದನ್ನು ತಯಾರಿಸುವುದು ಪುಣೆಯ ಸೀರಂ ಸಂಸ್ಥೆಯೇ. ಇವು ಪರೋಪಜೀವಿ ಯಕೃತ್ತನ್ನು ಸೇರುವ ಮೊದಲೇ ಅದನ್ನು ತಡೆಯುವಂತೆ ಪ್ರತಿಕಾಯಗಳನ್ನು ಸಜ್ಜುಗೊಳಿಸುತ್ತವೆ. ಆಫ್ರಿಕಾದ ಮಕ್ಕಳ ಪಾಲಿಗೆ ಇದು ದೊಡ್ಡ ಕೊಡುಗೆ. ಆದರೆ ಎರಡೂ ಲಸಿಕೆ ಫಾಲ್ಸಿಪಾರಂಗೆ ಮೀಸಲು, ಅವುಗಳ ರಕ್ಷಣೆ ಭಾಗಶಃ, ಕಾಲಕ್ರಮೇಣ ಕುಗ್ಗುವಂಥದು. ನಮ್ಮ ರಾಜ್ಯದಲ್ಲಿ ಮೇಲುಗೈಯಾಗಿರುವ ವೈವ್ಯಾಕ್ಸ್‌ಗೆ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ಆರೋಗ್ಯ ಸಿಬ್ಬಂದಿಯ ಗಮನ ಅತ್ತ ಹರಿದಿರುವುದು ಸಹಜ. ಪ್ರಕರಣಗಳಿಲ್ಲದ ರೋಗಕ್ಕೆ ರಕ್ತ ಪರೀಕ್ಷಿಸುತ್ತಾ ಕೂರುವುದು ಸರ್ಕಾರಿ ಲೆಕ್ಕದಲ್ಲಿ ವ್ಯರ್ಥವೆನಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಪರೋಪಜೀವಿಯನ್ನು ಗುರುತಿಸಬಲ್ಲ ಹಳೆಯ ತಂತ್ರಜ್ಞರು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುವವರಲ್ಲಿ ನಿಜವಾದ ವೈವ್ಯಾಕ್ಸ್ ಉಂಗುರವನ್ನು ತರಬೇತಿಯ ಗಾಜುಪಟ್ಟಿಯಲ್ಲಿ ಬಿಟ್ಟು ಬೇರೆಲ್ಲೂ ನೋಡದವರೇ ಹೆಚ್ಚಿರಬಹುದು. ಪ್ರಮಾಣಪತ್ರಕ್ಕೆ ಬೇಕಾದ್ದು ಸತತ ಮೂರು ವರ್ಷಗಳ ಸೊನ್ನೆ. ಆ ಸೊನ್ನೆ, ಹುಡುಕಿಯೂ ಸಿಗದ ಸೊನ್ನೆಯೇ ಅಥವಾ ಹುಡುಕದೆ ಬರೆದ ಸೊನ್ನೆಯೇ ಎಂದು ಹೇಳಬೇಕಾದವರು ಈ ತಂತ್ರಜ್ಞರೇ.

ಮಧುಗಿರಿಯ ಶಿಕ್ಷಕರಿಗೆ ಈ ಎಲ್ಲವನ್ನೂ ಪತ್ರದಲ್ಲಿ ಬರೆದು ಕಳುಹಿಸಿದ್ದೇನೆ. ಅವರ ಶಾಲೆಯ ಹಿಂದೆ ಒಂದು ಹಳೆಯ ತೆರೆದ ಬಾವಿಯಿದೆಯಂತೆ. ಮಳೆ ಬಿದ್ದ ಮೇಲೆ ಮಕ್ಕಳನ್ನು ಕರೆದೊಯ್ದು, ಬಿಳಿ ಬಟ್ಟಲಿನಲ್ಲಿ ನೀರು ಮೊಗೆದು, ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವ ಮರಿಹುಳುಗಳಿವೆಯೇ ನೋಡಿ ಎಂದು ಕೊನೆಯಲ್ಲಿ ಸೇರಿಸಿದ್ದೇನೆ. ಅನಾಫಿಲಿಸ್ ಮರಿಗಳು ಹಾಗೆಯೇ ಮಲಗುತ್ತವೆ, ಉಳಿದ ಸೊಳ್ಳೆಗಳ ಮರಿಗಳು ತಲೆಕೆಳಗಾಗಿ ತೂಗುತ್ತವೆ. ಉತ್ತರಕ್ಕೆ ಕಾಯುತ್ತಿದ್ದೇನೆ.